ಮೂರು ತುಂಡು ಪ್ಲಾಸ್ಟರಿನ ಕತೆ

ಗ್ಲೂಕೋಸ್ ಹಾಕಿಸಿಕೊಂಡು ಬಂದವರನ್ನು ಒಮ್ಮೆ ಕೇಳಿ ನೋಡಿ. ಸೂಜಿ ಚುಚ್ಚಿದ್ದರ ಬಗ್ಗೆ ಹತ್ತು ಮಾತು ಹೇಳ್ತಾರೆ. ನರವೇ ಸಿಗಲಿಲ್ಲ, ಮೂರು ಸಲ ಚುಚ್ಚಿದರು ಅಂತಾರೆ. ಯಾವ ಕೈಗೆ ಹಾಕಿದ್ದರು ಅನ್ನೋದೂ ನೆನಪಿರುತ್ತೆ. ಚುಚ್ಚಿದ ಮೇಲೆ ಅದನ್ನು ಹೇಗೆ ಅಂಟಿಸಿದರು ಅಂತ ಕೇಳಿದರೆ ಮಾತ್ರ, 'ಏನೋ ಪ್ಲಾಸ್ಟರ್ ಹಾಕಿದ್ರು ಕಣ್ರೀ' ಅನ್ನೋದಷ್ಟೇ ಉತ್ತರ.

ಆ 'ಏನೋ ಪ್ಲಾಸ್ಟರ್' ಬಗ್ಗೆಯೇ ಈ ಸಲದ ಬರಹ. ಯಾಕೆಂದರೆ ವೈದ್ಯಕೀಯದ ಚರಿತ್ರೆ ಬರೆದವರು ಸೂಜಿಯ ಬಗ್ಗೆ, ಸಿರಿಂಜಿನ ಬಗ್ಗೆ, ಬಾಟಲಿಯೊಳಗಿನ ನೀರಿನ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅದನ್ನು ಜಾರದ ಹಾಗೆ ಹಿಡಿದಿಟ್ಟವರ ಬಗ್ಗೆ ಬರೆದದ್ದು ತೀರಾ ಕಡಿಮೆ. ಹಿಡಿದಿಡುವ ಕೆಲಸ ನರ್ಸುಗಳದ್ದು. ಅವರು ಹೀಗೇ ಅಂಟಿಸಬೇಕು, ಹಾಗಲ್ಲ ಅಂತ ವಾದ ಮಾಡಿದರೆ ಅದು 'ಅವರವರ ಅಭ್ಯಾಸ' ಅನ್ನಿಸಿಕೊಳ್ಳುತ್ತಿತ್ತು, ವಿಜ್ಞಾನ ಅನ್ನಿಸಿಕೊಳ್ಳುತ್ತಿರಲಿಲ್ಲ.

ಮೊದಲು ಒಂದು ತಪ್ಪು ಕಲ್ಪನೆ ದಾಟಿಕೊಳ್ಳೋಣ. ಕೈಯಲ್ಲಿ ಸೂಜಿ ಇದೆ ಅಂತ ಹೆದರಿ ಕೈ ಮಡಚದೆ ಮಲಗುವ ಅಜ್ಜ ಅಜ್ಜಿಯರನ್ನು ನೀವೂ ನೋಡಿರ್ತೀರಿ. ಈಗಿನ ಕ್ಯಾನುಲಾದಲ್ಲಿ ಒಳಗೆ ಉಳಿಯೋದು ಸೂಜಿಯಲ್ಲ, ಸೂಜಿಯ ಮೇಲೆ ತೊಡಿಸಿದ್ದ ಮೆತ್ತನೆಯ ಪ್ಲಾಸ್ಟಿಕ್ ನಳಿಗೆ. ದಾರಿ ಮಾಡಿಕೊಟ್ಟ ಮೇಲೆ ಸೂಜಿ ಹೊರಗೆ ಬಂದುಬಿಡುತ್ತೆ. ಗುಲಾಬಿ ಬಣ್ಣದ್ದಾದರೆ 20 ಗೇಜು, ಹಸಿರಾದರೆ ಸ್ವಲ್ಪ ದಪ್ಪ 18, ನೀಲಿ 22, ಮಕ್ಕಳಿಗೆ ಹಾಕುವ ಹಳದಿ 24. ಆ ನಳಿಗೆಯ ಉದ್ದ ಸಾಮಾನ್ಯವಾಗಿ ಒಂದೂಕಾಲು, ಒಂದೂವರೆ ಇಂಚಿನ ಆಸುಪಾಸು. ರೋಗಿ ಮಗ್ಗುಲು ಬದಲಿಸಿದಾಗ, ಬಚ್ಚಲಿಗೆ ಎದ್ದಾಗ, ನೋಡೋಕೆ ಬಂದ ಮೊಮ್ಮಗು ಟ್ಯೂಬು ಎಳೆದಾಗ ಅದು ಒಳಗೆ ಹಿಂದೆ ಮುಂದೆ ಸರಿಯುತ್ತೆ. ಪಂಪಿನ ಕೊಳವೆಯೊಳಗೆ ಪಿಸ್ಟನ್ ಆಡಿದ ಹಾಗೆ. ರಕ್ತನಾಳದ ಒಳಗೋಡೆ ಉಜ್ಜಿ ಕೆಂಪಾಗುತ್ತೆ. ಇಲ್ಲವೇ ನಳಿಗೆಯ ತುದಿ ನಾಳದಿಂದ ಆಚೆ ಬಂದು, ನರಕ್ಕೆ ಹೋಗಬೇಕಾದ ಔಷಧ ಚರ್ಮದಡಿ ಸೇರಿ ಕೈ ಬನ್ನಿನ ಹಾಗೆ ಊದಿಕೊಳ್ಳುತ್ತೆ. ಬರೀ ಉಪ್ಪುನೀರಾದರೆ ಒಂದೆರಡು ದಿನದಲ್ಲಿ ಇಳಿದೀತು. ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳಾದರೆ ಅಲ್ಲಿನ ಮಾಂಸವೇ ಸತ್ತುಹೋಗಬಹುದು.

ಹಾಗಾಗಿ ಹಿಡಿದಿಡುವುದು ಚಿಲ್ಲರೆ ಕೆಲಸ ಅಲ್ಲ. ಇದು ಮೊಟ್ಟಮೊದಲು ಈ ಸಾಹಸಕ್ಕೆ ಇಳಿದವರಿಗೇ ಗೊತ್ತಿತ್ತು.

1656ರಲ್ಲಿ ಆಕ್ಸ್‌ಫರ್ಡಿನಲ್ಲಿ ಕ್ರಿಸ್ಟೋಫರ್ ರೆನ್ ಎಂಬ ಇಪ್ಪತ್ತು ದಾಟಿದ ಹುಡುಗ ನಾಯಿಯೊಂದರ ರಕ್ತನಾಳಕ್ಕೆ ಅಫೀಮು ಬಿಡುವ ಪ್ರಯೋಗ ಮಾಡಿದ. ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್ ಕಟ್ಟಿದ ವಾಸ್ತುಶಿಲ್ಪಿ ಇದೇ ರೆನ್. ಹಕ್ಕಿಯ ಗರಿಯ ಕಡ್ಡಿಯೇ ಸೂಜಿ, ಪ್ರಾಣಿಯ ಮೂತ್ರಕೋಶದ ಚೀಲವೇ ಬಾಟಲಿ ಅಂತ ಎಲ್ಲ ಪುಸ್ತಕಗಳಲ್ಲೂ ಓದ್ತೀವಿ. ಆದರೆ ಪಕ್ಕದಲ್ಲಿ ನಿಂತು ನೋಡಿದ ರಾಬರ್ಟ್ ಬಾಯ್ಲ್ (ಹೌದು, ಶಾಲೆಯಲ್ಲಿ ಬಾಯಿಪಾಠ ಮಾಡಿದ ಬಾಯ್ಲನ ನಿಯಮದವನೇ) ಬರೆದಿಟ್ಟ ವಿವರದಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ವಸ್ತು. ಹೆಬ್ಬೆರಳಿನ ಉಗುರಿನಷ್ಟು, ಅದಕ್ಕಿಂತ ಒಂಚೂರು ಉದ್ದದ ಹಿತ್ತಾಳೆಯ ತಗಡು. ನಾಲ್ಕು ಮೂಲೆಗಳ ಹತ್ತಿರ ನಾಲ್ಕು ತೂತು. ಅವುಗಳಲ್ಲಿ ದಾರ ಪೋಣಿಸಿ ತಗಡನ್ನು ರಕ್ತನಾಳಕ್ಕೆ ಬಿಗಿಯೋದು. ನಡುವೆ ಉದ್ದಕ್ಕೆ ಒಂದು ಸೀಳು. ನಾಳ ಅತ್ತಿತ್ತ ಜಾರದ ಹಾಗೆ ತಗಡು ಹಿಡಿದುಕೊಂಡಿರುತ್ತೆ, ಸೀಳಿನ ಮೂಲಕ ಕೊಯ್ದು ಕಡ್ಡಿ ತೂರಿಸಬಹುದು. ಅಂದರೆ ರಕ್ತನಾಳಕ್ಕೆ ಔಷಧ ಬಿಡುವ ಪ್ರಯೋಗ ಶುರುವಾದಾಗಲೇ ಅದನ್ನು ಅಲುಗದಂತೆ ಹಿಡಿಯುವ ಉಪಕರಣವೂ ಜೊತೆಗೇ ಹುಟ್ಟಿತ್ತು.

ನಾಯಿ ಏನಾಯ್ತು ಅಂತ ಕೇಳ್ತೀರಲ್ವಾ? ಬದುಕಿತು. ಅಫೀಮಿನ ಮಂಪರಿನಲ್ಲಿ ಸತ್ತೇಹೋಗದಿರಲಿ ಅಂತ ತೋಟದಲ್ಲಿ ಚಾಟಿಯೇಟು ಕೊಟ್ಟು ಓಡಾಡಿಸಿದರಂತೆ. ಆಮೇಲೆ ಮೈಕೈ ತುಂಬಿಕೊಂಡು ದಪ್ಪಗಾಯಿತು. ಊರೆಲ್ಲ ಹೆಸರಾಯಿತು. ಹೆಸರಾದ್ದರಿಂದಲೇ ಯಾರೋ ಕದ್ದುಕೊಂಡು ಹೋದರು ಅಂತ ಬಾಯ್ಲ್ ಬೇಜಾರು ಮಾಡಿಕೊಂಡಿದ್ದಾನೆ.

ಮನುಷ್ಯರಿಗೆ ಇದರಿಂದ ನಿಜವಾದ ಉಪಯೋಗ ಆಗಬೇಕಾದರೆ ಕಾಲರಾ ಬರಬೇಕಾಯಿತು. 1831ರಲ್ಲಿ ಬ್ರಿಟನ್ನಿಗೆ ಕಾಲರಾ ಕಾಲಿಟ್ಟಾಗ ವಿಲಿಯಂ ಒಶಾನಸಿ ಎಂಬ ಎಳೆಯ ವೈದ್ಯ ರೋಗಿಗಳ ರಕ್ತ ಪರೀಕ್ಷಿಸಿ, ನೀರೂ ಉಪ್ಪೂ ಸೋರಿಹೋಗಿವೆ, ಅವನ್ನೇ ವಾಪಸು ತುಂಬಬೇಕು ಅಂದ. (ಈ ಒಶಾನಸಿ ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಕಲ್ಕತ್ತೆಗೆ ಬಂದು, ಡಾಕ್ಟರಿಕೆಯ ಜೊತೆಗೆ ನಮ್ಮ ದೇಶಕ್ಕೆಲ್ಲ ಟೆಲಿಗ್ರಾಫ್ ತಂತಿ ಎಳೆಸಿದ. ಒಬ್ಬನೇ ಮನುಷ್ಯ ಎಷ್ಟೆಲ್ಲ ಮಾಡ್ತಿದ್ದ ಕಾಲ ಅದು.) ಹೇಳಿದ್ದನ್ನು ಮಾಡಿ ತೋರಿಸಿದವನು ಎಡಿನ್‌ಬರೋ ಪಕ್ಕದ ಲೀತ್ ಊರಿನ ಥಾಮಸ್ ಲಾಟಾ, 1832ರಲ್ಲಿ. ಅವನ ಮೊದಲ ರೋಗಿ ಒಬ್ಬ ಮುದುಕಿ. ನಾಡಿ ಸಿಕ್ಕುತ್ತಿರಲಿಲ್ಲ. ತೋಳಿನ ನಾಳಕ್ಕೆ ಬೆಳ್ಳಿಯ ಸಣ್ಣ ನಳಿಗೆ ತೂರಿಸಿ ಉಪ್ಪುನೀರು ಬಿಡುತ್ತಾ ಹೋದ. ಅರ್ಧ ಗಂಟೆಯಲ್ಲಿ ಆರು ಪೈಂಟು, ಅಂದರೆ ಸುಮಾರು ಮೂರು ಲೀಟರ್. ಗುಳಿಬಿದ್ದ ಕಣ್ಣು ಮೇಲೆ ಬಂತು, ಕೈಕಾಲು ಬೆಚ್ಚಗಾಯಿತು, ಮಾತಾಡಿದಳು. ಇನ್ನು ಪರವಾಗಿಲ್ಲ ಅಂತ ಆಸ್ಪತ್ರೆಯ ಸರ್ಜನ್ನಿಗೆ ಒಪ್ಪಿಸಿ ಲಾಟಾ ಹೊರಟ. ವಾಂತಿ ಭೇದಿ ಮತ್ತೆ ಶುರುವಾಯಿತು. ಐದೂವರೆ ಗಂಟೆಯಲ್ಲಿ ಮುದುಕಿ ತೀರಿಕೊಂಡಳು.

ಈ ಪ್ರಸಂಗ ಓದಿದಾಗೆಲ್ಲ ನನಗೆ ಹೊಳೆಯೋದು ಒಂದೇ: ಅವತ್ತು ನೀರೂ ಇತ್ತು, ನಳಿಗೆಯೂ ಇತ್ತು, ಆದರೆ ಅದನ್ನು ದಿನವಿಡೀ ಅಲ್ಲೇ ಇರಿಸಿಕೊಂಡು ಹನಿ ಹನಿಯಾಗಿ ತುಂಬುತ್ತಾ ಕೂರುವ ಏರ್ಪಾಡು ಇರಲಿಲ್ಲ. ಲಾಟಾ ಕೊಟ್ಟ ಸೂಚನೆ ನೋಡಿ: ಒಮ್ಮೆ ಕೊಯ್ದ ಜಾಗದಿಂದ ಎರಡನೇ ಸಲ ಬಿಡಬೇಡಿ, ನಾಳವನ್ನು ನಾಜೂಕಾಗಿ ನೋಡಿಕೊಳ್ಳಿ, ಇಲ್ಲದಿದ್ದರೆ ಉರಿಯೂತ ಬರುತ್ತೆ, ಮುಗಿದ ಕೂಡಲೇ ಗಾಯ ಮಾಯುವ ಹಾಗೆ ಮಾಡಿ. ಪ್ರತಿ ಸಲವೂ ಹೊಸದಾಗಿ ಕೊಯ್ಯಬೇಕು. ಲಾಟಾ ಮರು ವರ್ಷವೇ ಸತ್ತ. ವಿದ್ಯೆಯೂ ಬಹುಮಟ್ಟಿಗೆ ಮರೆತುಹೋಯಿತು. 20ನೇ ಶತಮಾನದ ಶುರುವಿನಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ಕಾಲರಾ ರೋಗಿಗಳಿಗೆ ಇನ್ನೂ ಗಟ್ಟಿ ಉಪ್ಪುನೀರು ಬಿಟ್ಟು ಸಾವಿನ ಪ್ರಮಾಣವನ್ನು ಅರ್ಧಕ್ಕೆ ಹತ್ತಿರ ಇಳಿಸಿದಾಗಲೂ ವಿಧಾನ ಹೆಚ್ಚುಕಡಿಮೆ ಹಳೆಯದೇ. ಚರ್ಮ ಕೊಯ್ದು, ನಾಳ ಎತ್ತಿ, ಲೋಹದ ನಳಿಗೆ ಇಟ್ಟು ದಾರದಲ್ಲಿ ಕಟ್ಟೋದು. ಕಟ್ಟಿದ ನಾಳ ಮತ್ತೆ ಕೆಲಸಕ್ಕೆ ಬರೋದಿಲ್ಲ.

ದಾರದಿಂದ ಬಿಡುಗಡೆ ಸಿಕ್ಕಿದ್ದು ಅಂಟಿನಿಂದ. 1882ರಲ್ಲಿ ಹ್ಯಾಂಬರ್ಗಿನ ಔಷಧ ಅಂಗಡಿಯ ಪಾಲ್ ಬೈಯರ್ಸ್‌ಡೋರ್ಫ್ ಮದ್ದಿನ ಪ್ಲಾಸ್ಟರಿಗೆ ಪೇಟೆಂಟ್ ಪಡೆದ. ಆದರೆ ಆ ಕಾಲದ ರಬ್ಬರು, ರಾಳದ ಅಂಟು ಚರ್ಮವನ್ನು ತಿಂದುಹಾಕುತ್ತಿತ್ತು. ಅದಕ್ಕೆ ಸತುವಿನ ಬಿಳಿ ಪುಡಿ, ಜಿಂಕ್ ಆಕ್ಸೈಡ್, ಬೆರೆಸಿದಾಗ ತುರಿಕೆ ಕಡಿಮೆಯಾಯಿತು. ಅಮೆರಿಕದಲ್ಲಿ ಜಾನ್ಸನ್ ಅಂಡ್ ಜಾನ್ಸನ್ 1899ರಲ್ಲಿ, ಜರ್ಮನಿಯಲ್ಲಿ ಬೈಯರ್ಸ್‌ಡೋರ್ಫ್ ಕಂಪನಿಯೇ 1901ರಲ್ಲಿ 'ಲ್ಯೂಕೋಪ್ಲಾಸ್ಟ್' ಹೆಸರಲ್ಲಿ ಇಂಥ ಪ್ಲಾಸ್ಟರನ್ನು ಮಾರುಕಟ್ಟೆಗೆ ತಂದವು. ಕೀಳುವಾಗ ಕೂದಲನ್ನೂ ಕಿತ್ತುಕೊಂಡು ಬರುವ, ಕಿತ್ತ ಮೇಲೆ ಕಪ್ಪು ಜಿಗುಟು ಗೆರೆ ಉಳಿಸುವ, ಸೀಮೆಎಣ್ಣೆ ಹಚ್ಚಿ ಉಜ್ಜಿದರೂ ಹೋಗದ ಆ ಬಟ್ಟೆಯ ಪ್ಲಾಸ್ಟರನ್ನು ನಮ್ಮಲ್ಲಿ ವಯಸ್ಸಾದವರು ಇನ್ನೂ ಮರೆತಿರಲಾರರು.

ಪ್ಲಾಸ್ಟರೇನೋ ಬಂತು, ಅದನ್ನು ಹಾಕುವ ನರ್ಸು ಈ ಕತೆಯೊಳಗೆ ಬರೋಕೆ ಇನ್ನೂ ನಲವತ್ತು ವರ್ಷ ಹಿಡಿಯಿತು. 1920ರ ದಶಕದಲ್ಲಿ ಫ್ಲಾರೆನ್ಸ್ ಸೈಬರ್ಟ್ ಎಂಬ ವಿಜ್ಞಾನಿ, ಡ್ರಿಪ್ ಹಾಕಿದವರಿಗೆ ಚಳಿಜ್ವರ ಬರೋಕೆ ಬಟ್ಟಿ ಇಳಿಸಿದ ನೀರಲ್ಲೂ ಉಳಿದ ಬ್ಯಾಕ್ಟೀರಿಯಾ ವಿಷ ಕಾರಣ ಅಂತ ತೋರಿಸಿದಳು. 1931ರಿಂದ ಕಾರ್ಖಾನೆಯಲ್ಲೇ ತುಂಬಿದ ಶುದ್ಧ ದ್ರಾವಣದ ಗಾಜಿನ ಬಾಟಲಿಗಳು ಬಂದವು. ಹೀಗೆ ಡ್ರಿಪ್ ದಿನನಿತ್ಯದ ಮಾತಾಯಿತು. ಆದರೂ ರಕ್ತನಾಳ ಮುಟ್ಟೋದು ಡಾಕ್ಟರ ಹಕ್ಕು ಅನ್ನುವ ಕಟ್ಟಳೆ. 1940ರಲ್ಲಿ ಬಾಸ್ಟನ್ನಿನ ಮೆಸಚೂಸೆಟ್ಸ್ ಜನರಲ್ ಆಸ್ಪತ್ರೆ ಈ ಕೆಲಸವನ್ನು ಏಡಾ ಪ್ಲಮರ್ ಎಂಬ ನರ್ಸಿಗೆ ವಹಿಸಿತು. ಆಗಿದ್ದದ್ದು ಉಕ್ಕಿನ ಸೂಜಿ. ಒಳಗೇ ಬಿಡಬೇಕು. ರೋಗಿ ಕೈ ಅಲ್ಲಾಡಿಸಿದರೆ ನಾಳದ ಆಚೆ ಗೋಡೆಯೂ ತೂತು. ಅದಕ್ಕೆ ಇಡೀ ಮುಂಗೈಯನ್ನು ಮರದ ಹಲಗೆಗೆ ಬ್ಯಾಂಡೇಜಿನಿಂದ ಕಟ್ಟಿಹಾಕೋದು. ಸೂಜಿಯನ್ನಲ್ಲ, ರೋಗಿಯನ್ನೇ ಅಲುಗದಂತೆ ಮಾಡೋದು. ಪ್ಲಮರ್ ತಾನು ಕಲಿತದ್ದನ್ನು ಬರೆದಿಟ್ಟಳು. 1970ರಲ್ಲಿ ಬಂದ ಆಕೆಯ ಪಠ್ಯಪುಸ್ತಕ ಈ ಕೆಲಸಕ್ಕೇ ಮೀಸಲಾದದ್ದು. 1973ರಲ್ಲಿ ಐವಿ ನರ್ಸುಗಳ ಸಂಘ ಕಟ್ಟಿದವರಲ್ಲೂ ಆಕೆ ಒಬ್ಬಳು.

ಈ ನಡುವೆ ಸೂಜಿಯೇ ಬದಲಾಗಿತ್ತು. 1950ರಲ್ಲಿ ಅಮೆರಿಕದ ರಾಚೆಸ್ಟರಿನ ಮೇಯೋ ಕ್ಲಿನಿಕ್ಕಿನಲ್ಲಿ ಅರಿವಳಿಕೆ ಕಲಿಯುತ್ತಿದ್ದ ಡೇವಿಡ್ ಮಾಸಾ, ಉಕ್ಕಿನ ಸೂಜಿಯ ಮೇಲೆ ಪ್ಲಾಸ್ಟಿಕ್ ನಳಿಗೆ ತೊಡಿಸಿದ. ಚುಚ್ಚಿದ ಮೇಲೆ ಸೂಜಿ ಹೊರಗೆ, ನಳಿಗೆ ಒಳಗೆ. ನಾವು ಇವತ್ತು ವೆನ್‌ಫ್ಲಾನ್, ಇಂಟ್ರಾಕ್ಯಾತ್ ಅಂತ ಕಂಪನಿ ಹೆಸರಲ್ಲೇ ಕರೆಯುವ ಕ್ಯಾನುಲಾಗಳ ಹಿರಿಯಜ್ಜ ಅದು. ಹಲಗೆಯಿಂದ ಕೈಗೆ ಬಿಡುಗಡೆಯಾಯಿತು. ರೋಗಿ ಎದ್ದು ಕೂರಬಹುದು, ಬಾಟಲಿ ನೇತುಹಾಕಿದ ಸ್ಟ್ಯಾಂಡು ತಳ್ಳಿಕೊಂಡು ನಡೆಯಬಹುದು. ನಳಿಗೆಗೆ ಎರಡು ಪಕ್ಕ ಚಿಟ್ಟೆಯ ರೆಕ್ಕೆಯ ಹಾಗೆ ಪ್ಲಾಸ್ಟಿಕ್ ಪಟ್ಟಿ ಬಂತು. ಆ ರೆಕ್ಕೆ ಯಾಕಿದೆ ಅಂತ ಯೋಚಿಸಿದ್ದೀರಾ? ಅದರ ಮುಖ್ಯ ಕೆಲಸವೇ ಪ್ಲಾಸ್ಟರಿಗೆ ಹಿಡಿತ ಕೊಡೋದು, ನಳಿಗೆ ಉರುಳದ ಹಾಗೆ ನೋಡಿಕೊಳ್ಳೋದು.

ಇಲ್ಲಿಂದ ನರ್ಸುಗಳ ಮತಭೇದ ಶುರು. ಪಠ್ಯಪುಸ್ತಕಗಳು ಮೂರು ಪಂಥ ಹೇಳುತ್ತವೆ. ಒಂದು, ಚೆವ್ರನ್. ಪೊಲೀಸ್ ಹವಾಲ್ದಾರರ ತೋಳಿನ ಮೇಲಿರುತ್ತಲ್ಲ ಪಟ್ಟಿ, ಅದೇ ಆಕಾರ. ಅರ್ಧ ಇಂಚಿನ ಪ್ಲಾಸ್ಟರ್ ಪಟ್ಟಿಯನ್ನು ಅಂಟು ಮೇಲ್ಮುಖವಾಗಿ ನಳಿಗೆಯ ಬುಡದಡಿ ತೂರಿಸಿ, ಎರಡೂ ತುದಿಯನ್ನು ರೆಕ್ಕೆಗಳ ಮೇಲೆ ಅಡ್ಡಡ್ಡ ದಾಟಿಸಿ ಚರ್ಮಕ್ಕೆ ಒತ್ತೋದು. ಎರಡನೆಯದು ಇಂಗ್ಲಿಷಿನ ಯು. ಹಾಗೇ ಅಡಿಯಿಂದ ತಂದು, ತುದಿಗಳನ್ನು ದಾಟಿಸದೆ ರೆಕ್ಕೆಗಳ ಮೇಲೆ ನೇರ ಮಡಚೋದು. ಮೂರನೆಯದು ಎಚ್. ಎರಡೂ ರೆಕ್ಕೆಗೆ ಒಂದೊಂದು ಉದ್ದ ಪಟ್ಟಿ, ಮೇಲೊಂದು ಅಡ್ಡ ಪಟ್ಟಿ. ಚೆವ್ರನ್ ಕಲಿತವರಿಗೆ ಎಚ್ ಕಂಡರೆ ಸಡಿಲ ಅನ್ನಿಸುತ್ತೆ, ಎಚ್ ಕಲಿತವರಿಗೆ ಚೆವ್ರನ್ ಅಂದರೆ ಚುಚ್ಚಿದ ತೂತಿಗೇ ಪ್ಲಾಸ್ಟರ್ ತಾಗಿಸುವ ಕೊಳಕು ಪದ್ಧತಿ. ಮೇಲೆ ಟ್ಯೂಬನ್ನು ಒಂದು ಸುತ್ತು ಸುತ್ತಿ ಅಂಟಿಸಬೇಕೋ ಬೇಡವೋ ಅನ್ನೋದು ಇನ್ನೊಂದು ಜಗಳ. ಈ ಸುತ್ತಿನ ಪರ ನನ್ನ ವೋಟು. ಯಾರಾದರೂ ಟ್ಯೂಬು ಎಳೆದರೆ ಮೊದಲು ಸುತ್ತು ಬಿಚ್ಚಿಕೊಳ್ಳುತ್ತೆ, ನಳಿಗೆಗೆ ಏಟು ಬೀಳೋದಿಲ್ಲ.

ಮಲ್ಲಿಗೆ ಮಾಲೆಯ ಗಂಟು ನೋಡಿ ಇದು ಯಾರು ಕಟ್ಟಿದ್ದು ಅಂತ ಹೇಳುವವರಿದ್ದಾರಲ್ಲ, ಹಾಗೇ ಪ್ಲಾಸ್ಟರ್ ಹಾಕಿದ ರೀತಿ ನೋಡಿ ಯಾವ ಶಿಫ್ಟಿನ ಸಿಸ್ಟರ್ ಕೈ ಅಂತ ಹೇಳುವ ವಾರ್ಡುಗಳಿವೆ. ಅದು ಬರೀ ಹಟ ಅಲ್ಲ. ಬೆವರುವ ಮೈಗೆ ಕಾಗದದಂಥ ಮೈಕ್ರೋಪೋರ್ ನಿಲ್ಲೋದಿಲ್ಲ, ಜಗ್ಗುವ ಡೈನಾಪ್ಲಾಸ್ಟೇ ಬೇಕು. ಎಂಬತ್ತು ದಾಟಿದವರ ಈರುಳ್ಳಿ ಸಿಪ್ಪೆಯಂಥ ಚರ್ಮಕ್ಕೆ ಅದೇ ಡೈನಾಪ್ಲಾಸ್ಟ್ ಹಾಕಿದರೆ ಕೀಳುವಾಗ ಚರ್ಮವೂ ಬರುತ್ತೆ. ಕೂಸಿಗಾದರೆ ಔಷಧದ ರಟ್ಟಿನ ಡಬ್ಬ ಕತ್ತರಿಸಿ, ಗಾಜ್ ಬಟ್ಟೆ ಸುತ್ತಿ, ಕೈಗೆ ಆಸರೆ ಕೊಟ್ಟು ಕಟ್ಟಬೇಕು. ಬಾಸ್ಟನ್ನಿನಲ್ಲಿ ಬಿಟ್ಟುಹೋದ ಹಲಗೆ ನಮ್ಮ ಮಕ್ಕಳ ವಾರ್ಡಿನಲ್ಲಿ ರಟ್ಟಾಗಿ ಉಳಿದುಕೊಂಡಿದೆ ನೋಡಿ. 'ಎಡಗೈಗೇ ಹಾಕಿ ಸಿಸ್ಟರ್, ಊಟ ಮಾಡಬೇಕು' ಅನ್ನುವವರ ಮಾತೂ ಕೇಳಬೇಕು. ಬಳೆ ತೆಗೆಯಲ್ಲ ಅನ್ನುವ ಅಜ್ಜಿಗೆ ಬಳೆಗೂ ಮೊಣಕೈಗೂ ನಡುವೆ ಜಾಗ ಹುಡುಕಬೇಕು. ಇಷ್ಟೆಲ್ಲವನ್ನೂ ಅರೆ ನಿಮಿಷದಲ್ಲಿ ತೂಗಿ ನೋಡಿ, ಟ್ರೇಯ ಅಂಚಿಗೆ ಮೊದಲೇ ಹರಿದು ಅಂಟಿಸಿಟ್ಟ ಮೂರು ತುಂಡುಗಳನ್ನು ಒಂದೊಂದಾಗಿ ಎತ್ತಿಕೊಳ್ತಾರೆ.

ಆ ಟ್ರೇಯ ಅಂಚೇ ತೊಂದರೆ. 1999ರಲ್ಲಿ ಟೊರಾಂಟೊದ ಇಬ್ಬರು ಸಂಶೋಧಕರು ಆಸ್ಪತ್ರೆಯ ಪ್ಲಾಸ್ಟರ್ ಸುರುಳಿಗಳನ್ನೇ ಪರೀಕ್ಷೆಗೆ ಹಾಕಿದರು. ಹೆಚ್ಚಿನ ತುಂಡುಗಳಲ್ಲಿ ರೋಗಾಣು ಸಿಕ್ಕಿತು. ಜೇಬಿನಿಂದ ಟೇಬಲ್ಲಿಗೆ, ಟೇಬಲ್ಲಿಂದ ಮಂಚಕ್ಕೆ ಓಡಾಡುವ ಸುರುಳಿಯ ಹೊರಸುತ್ತಿನಲ್ಲೇ ಕೊಳೆ ಜಾಸ್ತಿ, ಒಳಸುತ್ತು ಬಹುಪಾಲು ಶುದ್ಧ. ಸೂಜಿ, ನೀರು, ಹತ್ತಿ ಎಲ್ಲವನ್ನೂ ಕ್ರಿಮಿಶುದ್ಧ ಮಾಡಿ, ಕೊನೆಗೆ ಗಾಯದ ಪಕ್ಕಕ್ಕೇ ಊರೆಲ್ಲ ಸುತ್ತಿದ ಪ್ಲಾಸ್ಟರ್ ಅಂಟಿಸುತ್ತಿದ್ದೆವು ಅನ್ನೋದು ಅಷ್ಟು ವರ್ಷ ಯಾರ ತಲೆಗೂ ಹೆಚ್ಚು ಹೋಗಿರಲಿಲ್ಲ.

ಕಂಪನಿಗಳು ಸುಮ್ಮನೆ ಕೂರುತ್ತವೆಯೇ? 1970ರ ದಶಕದಲ್ಲಿ ಇಂಗ್ಲೆಂಡಿನ ಆಪ್‌ಸೈಟ್, 1980ರ ದಶಕದಲ್ಲಿ 3ಎಂ ಕಂಪನಿಯ ಟೆಗಾಡರ್ಮ್ ಎಂಬ ಪಾರದರ್ಶಕ ಪಾಲಿಯುರೆಥೇನ್ ಹಾಳೆಗಳು ಬಂದಿದ್ದವು. ಪೊಟ್ಟಣ ಒಡೆದರೆ ಶುದ್ಧ, ಚುಚ್ಚಿದ ಜಾಗ ಕೆಂಪಾಗಿದೆಯೇ ಅಂತ ಕೀಳದೆಯೇ ನೋಡಬಹುದು. ಅನಂತರ ಅಂಚು ಕಟ್ಟಿದ ಹಾಳೆ, ನಳಿಗೆಯನ್ನು ಕೊಂಡಿಯಲ್ಲಿ ಕೂರಿಸುವ ಸಾಧನ, ಗಾಯಕ್ಕೆ ಹೊಲಿಗೆ ಬದಲು ಹಾಕುವ ಅಂಟಿನ ಒಂದು ಹನಿ, ಹೀಗೆ ಒಂದಕ್ಕಿಂತ ಒಂದು ದುಬಾರಿ.

ಯಾವುದು ಮೇಲು ಅಂತ ತೀರ್ಮಾನಿಸಲು ಕೊನೆಗೂ ಮುಂದೆ ಬಂದವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ನರ್ಸುಗಳು. ಅವರ ಮುಂದಾಳು ಕ್ಲೇರ್ ರಿಕರ್ಡ್, ತಾವೂ ನರ್ಸು. ಇವರ ತಂಡ 2012ರಲ್ಲೇ ಒಂದು ಹಳೇ ಕಟ್ಟಳೆ ಮುರಿದಿತ್ತು. ಮೂರು ದಿನಕ್ಕೊಮ್ಮೆ ಕ್ಯಾನುಲಾ ಬದಲಿಸಲೇಬೇಕು ಅನ್ನುವ ನಿಯಮವನ್ನು 3,283 ರೋಗಿಗಳಲ್ಲಿ ಪರೀಕ್ಷಿಸಿ, ತೊಂದರೆ ಕಂಡಾಗ ಬದಲಿಸಿದರೂ ಉರಿಯೂತ ಅಷ್ಟೇ, ಹೆಚ್ಚಿಲ್ಲ ಅಂತ ತೋರಿಸಿತ್ತು. ಎಷ್ಟು ಜನರಿಗೆ ಸುಮ್ಮಸುಮ್ಮನೆ ಎರಡನೇ ಸಲ ಚುಚ್ಚಿದ್ದರೋ! 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದೇ ತಂಡದ ಪ್ಲಾಸ್ಟರ್ ಪರೀಕ್ಷೆ ಬಂತು. ಲಾಟಾ ತನ್ನ ಮುದುಕಿಯ ಕತೆ ಬರೆದದ್ದೂ ಇದೇ 'ಲ್ಯಾನ್ಸೆಟ್'ಗೆ, 186 ವರ್ಷ ಹಿಂದೆ. ಸುಮಾರು 1,700 ರೋಗಿಗಳು, ನಾಲ್ಕು ವಿಧಾನ: ಸಾದಾ ಪಾರದರ್ಶಕ ಹಾಳೆ, ಅಂಚು ಕಟ್ಟಿದ ಹಾಳೆ, ಕೊಂಡಿಯ ಜೊತೆ ಹಾಳೆ, ಅಂಟಿನ ಹನಿಯ ಜೊತೆ ಹಾಳೆ.

ಫಲಿತಾಂಶ? ಯಾವುದೂ ಸಾದಾ ಹಾಳೆಗಿಂತ ಖಚಿತವಾಗಿ ಮೇಲಲ್ಲ. ಇನ್ನೂ ಕೆಟ್ಟ ಸುದ್ದಿ ಏನೆಂದರೆ ನಾಲ್ಕರಲ್ಲೂ, ಚಿಕಿತ್ಸೆ ಮುಗಿಯುವ ಮೊದಲೇ ಕೆಟ್ಟುಹೋದ ಕ್ಯಾನುಲಾಗಳು ನೂರಕ್ಕೆ 38ರಿಂದ 43. ಐದು ಜನರಲ್ಲಿ ಇಬ್ಬರಿಗೆ ಮತ್ತೆ ಚುಚ್ಚಬೇಕಾಯಿತು. ಅದೂ ಎಲ್ಲ ಅನುಕೂಲವಿರುವ ಆಸ್ಪತ್ರೆಗಳಲ್ಲಿ! ಯಾವುದು ಆರಿಸಿಕೊಳ್ಳಬೇಕು ಅನ್ನೋದನ್ನು ಸದ್ಯಕ್ಕೆ ಬೆಲೆಯೇ ನಿರ್ಧರಿಸಲಿ ಅನ್ನುವ ಅರ್ಥದ ಮಾತಿನಿಂದ ಸಂಶೋಧಕರು ಮುಗಿಸಿದರು.

ಇದನ್ನು ಓದಿ 'ನೋಡಿ, ಯಾವುದಾದರೂ ಒಂದೇ, ಸುಮ್ನೆ ವಾದ ಮಾಡ್ತಿದ್ರು' ಅನ್ನುವವರು ಇದ್ದಾರೆ. ನನಗೆ ಹಾಗನ್ನಿಸೋದಿಲ್ಲ. ಪರೀಕ್ಷೆಯಲ್ಲಿ ತೂಗಿದ್ದು ಪೊಟ್ಟಣದೊಳಗಿನ ಸಾಮಾನನ್ನು. ಹಾಕುವ ಕೈಯನ್ನಲ್ಲ, ಹಾಕಿಸಿಕೊಂಡವರ ಬೆವರನ್ನೂ ಬಳೆಯನ್ನೂ ಅಲ್ಲ. ಸಾಮಾನುಗಳ ನಡುವೆ ವ್ಯತ್ಯಾಸ ಇಷ್ಟು ಕಡಿಮೆ ಅಂದಮೇಲೆ ಕೈಗೆ ಕೊಡುವ ಬೆಲೆ ಜಾಸ್ತಿಯಾಗಬೇಕಲ್ವೇ? ಒಬ್ಬ ಸಿಸ್ಟರ್ ನಲವತ್ತು ಮಂಚ ನೋಡಿಕೊಳ್ಳುವ ಕಡೆ ಎರಡು ಗಂಟೆಗೊಮ್ಮೆ ಬಂದು ಹಾಳೆಯಡಿ ಕೆಂಪಾಗಿದೆಯೇ ಅಂತ ನೋಡೋಕೆ ಯಾರಿಗೆ ಪುರಸೊತ್ತು? ಹಾಳೆ ಪಾರದರ್ಶಕವಾಗಿದ್ದರೆ ಸಾಲದು, ಅದನ್ನು ನೋಡುವ ಕಣ್ಣು ಆ ಹೊತ್ತಿಗೆ ಅಲ್ಲಿರಬೇಕು. ಬೆಲೆಯ ಮಾತಿಗೆ ಬಂದರೂ ಅಷ್ಟೇ. ನಮ್ಮಲ್ಲಿ ರೋಗಿಯ ಕಡೆಯವರ ಕೈಗೆ ಚೀಟಿ ಕೊಟ್ಟು ಮೆಡಿಕಲ್ ಸ್ಟೋರಿಗೆ ಕಳಿಸೋದು ಎಷ್ಟೋ ಕಡೆ ವಾಡಿಕೆ. ಕ್ಯಾನುಲಾ ಒಂದು, ಐವಿ ಸೆಟ್ಟು ಒಂದು, ಪ್ಲಾಸ್ಟರ್ ಒಂದು. ಪಾರದರ್ಶಕ ಹಾಳೆ ಬರೆಯಲೋ ಬೇಡವೋ ಅಂತ ಸಿಸ್ಟರ್ ಒಂದು ಕ್ಷಣ ಎದುರಿಗಿದ್ದವರ ಮುಖ, ಚಪ್ಪಲಿ ನೋಡ್ತಾರೆ. ಆಮೇಲೆ ಬರೆಯೋದು ಮೈಕ್ರೋಪೋರ್.

ನಮ್ಮ ಮಂಗಳೂರು, ಉಡುಪಿ, ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತವರು ಕೊಲ್ಲಿ ದೇಶಗಳಲ್ಲೂ ಇಂಗ್ಲೆಂಡಿನಲ್ಲೂ ಇದೇ ಕೆಲಸ ಮಾಡ್ತಿದ್ದಾರೆ. ಅಲ್ಲಿ ಸುರುಳಿಯಿಂದ ಪ್ಲಾಸ್ಟರ್ ಹರಿಯುವ ಅಭ್ಯಾಸ ಬಿಟ್ಟು, ಪೊಟ್ಟಣದ ಹಾಳೆಯ ಕಾಗದ ಬಿಡಿಸುವ ಅಭ್ಯಾಸ ಮಾಡಿಕೊಳ್ಳಬೇಕು. ಆ ಪೊಟ್ಟಣದಲ್ಲಿ ಹಾಳೆಯ ಜೊತೆ ಪುಟ್ಟದೊಂದು ಬಿಳಿ ಚೀಟಿಯೂ ಇರುತ್ತೆ, ತಾರೀಖು ಬರೆಯೋಕೆ. ಇಲ್ಲಿ ಅಂಥ ಚೀಟಿ ಇಲ್ಲದ ಕಡೆ ಮೂರನೇ ತುಂಡು ಪ್ಲಾಸ್ಟರಿನ ಮೇಲೇ ಬಾಲ್‌ಪೆನ್ನಿನಿಂದ ಬರೀತಾರೆ: ದಿನ, ಹೊತ್ತು, ತಮ್ಮ ಹೆಸರಿನ ಮೊದಲಕ್ಷರ. ಮುಂದಿನ ಶಿಫ್ಟಿನವರು ಬಂದಾಗ ಮೊದಲು ಓದೋದು ಅದನ್ನೇ.